ಚಾರ್ಜು ಎಲ್ಲಿ ಹೋಯ್ತು?

ಬೆಳಿಗ್ಗೆ ಎದ್ದ ಕೂಡಲೇ ನಾವು ಏನು ಮಾಡ್ತೀವಿ? ಮುಖ ತೊಳೀತೀವಿ. ಒಲೆ ಹಚ್ಚುತ್ತೀವಿ. ಕೊಟ್ಟಿಗೆ ಕಡೆ ಹೋಗ್ತೀವಿ. ಈಗ ಇದರ ಜೊತೆಗೆ ಇನ್ನೊಂದು ಕೆಲಸವೂ ಸೇರಿದೆ. ರಾತ್ರಿ ಚಾರ್ಜಿಗೆ ಹಾಕಿದ ಫೋನು ತುಂಬಿದೆಯಾ ಅಂತ ನೋಡ್ತೀವಿ.

ನೋಡದೆ ಇದ್ದರೆ ಆಗೋದಿಲ್ಲ. ಹಾಲಿನ ದುಡ್ಡು ಖಾತೆಗೆ ಬಂದದ್ದು ಫೋನಿನಲ್ಲೇ ತಿಳಿಯಬೇಕು. ಅಡಿಕೆ ರೇಟು ಫೋನಿನಲ್ಲೇ ಬರುತ್ತದೆ. ಬೆಂಗಳೂರಿನಲ್ಲಿರುವ ಮಗಳ ಮುಖವನ್ನೂ ಫೋನಿನಲ್ಲೇ ನೋಡಬೇಕು.

ಆದರೆ ಫೋನಿನ ಚಾರ್ಜು ನಿಲ್ಲೋದಿಲ್ಲ. ಬೆಳಿಗ್ಗೆ ನೂರು ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ನಲವತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನೇ ಆರಿಹೋಯ್ತು. ಇದು ನಿಮ್ಮ ಮನೆಯ ಮಾತೂ ಹೌದಲ್ಲವೇ?

ಚಾರ್ಜು ಎಲ್ಲಿಗೆ ಹೋಯ್ತು? ಯಾರು ತಿಂದರು? ಬನ್ನಿ, ಹುಡುಕೋಣ. ಅದಕ್ಕೂ ಮೊದಲು, ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ನಡೆದದ್ದನ್ನು ಹೇಳ್ತೀವಿ.

ಆ ಒಂದು ರಾತ್ರಿ

ನಮ್ಮದು ಮಲೆನಾಡಿನ ಸಣ್ಣ ಊರು. ಮನೆಗಳು ಅಲ್ಲೊಂದು ಇಲ್ಲೊಂದು. ಆ ದಿನ ಮಧ್ಯಾಹ್ನದಿಂದಲೇ ಗಾಳಿ ಮಳೆ. ಕರೆಂಟು ಹೋಗಿತ್ತು.

ರಾತ್ರಿ ಹನ್ನೊಂದು ಗಂಟೆ. ಹೊಳೆ ಆಚೆ ಮನೆಯ ಹುಡುಗಿಗೆ ಹೆರಿಗೆ ನೋವು ಶುರುವಾಯ್ತು. ಚೊಚ್ಚಲ ಬಸುರಿ. ಗಂಡ ಗಾಬರಿಯಾದ. ಫೋನು ತೆಗೆದ. ಚಾರ್ಜು ನೂರಕ್ಕೆ ಎರಡೇ ಉಳಿದಿತ್ತು. 108ಕ್ಕೆ ಕರೆ ಮಾಡಿದ. ಆ ಕಡೆಯಿಂದ "ಯಾವ ಊರು?" ಅಂತ ಕೇಳಿದರು. ಇವನು ಊರಿನ ಹೆಸರು ಹೇಳುವಷ್ಟರಲ್ಲಿ ಫೋನು ಆರಿತು.

ಅವನು ಟಾರ್ಚು ಹಿಡಿದು ಓಡಿದ. ಎರಡು ಕಿಲೋಮೀಟರ್ ದೂರದಲ್ಲಿ ಆಶಾ ಅಕ್ಕನ ಮನೆ. ಬಾಗಿಲು ಬಡಿದ. ಅಕ್ಕ ಎದ್ದು ಬಂದರು. ಅವರ ಫೋನು ಸಂಜೆಗೇ ಸತ್ತು ಮಲಗಿತ್ತು. ಇಬ್ಬರೂ ಹಾಲಿನ ಡೈರಿಯ ಕಾರ್ಯದರ್ಶಿ ಮನೆಗೆ ಓಡಿದರು. ಆ ಅಣ್ಣನ ಫೋನಿನಲ್ಲಿ ಚಾರ್ಜು ಇತ್ತು. ಮತ್ತೆ 108ಕ್ಕೆ ಕರೆ ಹೋಯ್ತು. ಗಾಡಿ ಬಂತು. ಬೆಳಗಿನ ಜಾವ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಆಯ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಆದರೆ ಒಂದೂವರೆ ಗಂಟೆ ಹೊತ್ತು ಸುಮ್ಮನೆ ಕಳೆದುಹೋಗಿತ್ತು. ಹೆರಿಗೆ ನೋವಿನಲ್ಲಿ ಒಂದೂವರೆ ಗಂಟೆ ಅಂದರೆ ಸಣ್ಣ ಮಾತಲ್ಲ.

ಮುಂದಿನ ವಾರ ಆಶಾ ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬಂದರು. ಫೋನನ್ನು ಮೇಜಿನ ಮೇಲೆ ಇಟ್ಟರು. "ಇದಕ್ಕೆ ಏನಾಗಿದೆ ನೋಡಿ. ಅಂಗಡಿಯವನು ಹೊಸ ಫೋನೇ ತಗೊಳ್ಳಿ ಅಂತಾನೆ. ನನ್ನ ಹತ್ರ ದುಡ್ಡು ಎಲ್ಲಿದೆ?" ಅಂದರು.

ನಾವೆಲ್ಲ ಸುತ್ತ ಕೂತೆವು. ಹೊಸ ಫೋನು ಬೇಕಾಗಲಿಲ್ಲ. ಏನು ಮಾಡಿದೆವು ಅನ್ನೋದನ್ನು ಒಂದೊಂದಾಗಿ ಓದಿ.

ಬ್ಯಾಟರಿ ಅಂದರೆ ಏನು?

ಫೋನಿನ ಬ್ಯಾಟರಿ ಒಂದು ಕೊಡ ಇದ್ದ ಹಾಗೆ. ನೀರು ತುಂಬುವ ಕೊಡದ ಬದಲು ಇದು ಕರೆಂಟು ತುಂಬುವ ಕೊಡ. ಕೊಡ ಎಷ್ಟು ದೊಡ್ಡದು ಅಂತ ಹೇಳೋಕೆ ಒಂದು ಅಳತೆ ಇದೆ. ಅದಕ್ಕೆ ಎಂಎಎಚ್ ಅಂತಾರೆ. ಫೋನಿನ ಡಬ್ಬಿ ಮೇಲೆ 5000 ಎಂಎಎಚ್ ಅಂತ ಬರೆದಿರುವುದನ್ನು ನೀವು ನೋಡಿರಬಹುದು. ನಂಬರು ದೊಡ್ಡದಾದಷ್ಟೂ ಕೊಡ ದೊಡ್ಡದು.

5000 ಎಂಎಎಚ್ ಅಂದರೆ ಎಷ್ಟು ಕರೆಂಟು? 9 ವ್ಯಾಟಿನ ಒಂದು ಎಲ್ಇಡಿ ಬಲ್ಬನ್ನು ಸುಮಾರು ಎರಡು ಗಂಟೆ ಉರಿಸುವಷ್ಟು. ಅಷ್ಟೇ! ಒಂದು ಯೂನಿಟ್ ಕರೆಂಟಿನಲ್ಲಿ ಇಂಥ ಫೋನನ್ನು ಸುಮಾರು ನಲವತ್ತು ಸಲ ತುಂಬಬಹುದು. ಹಾಗಾಗಿ ಇದು ಕರೆಂಟ್ ಬಿಲ್ಲಿನ ಪ್ರಶ್ನೆ ಅಲ್ಲ. ಬೇಕಾದ ಹೊತ್ತಿಗೆ ಫೋನು ಕೆಲಸ ಮಾಡುತ್ತದಾ ಇಲ್ಲವಾ ಅನ್ನುವ ಪ್ರಶ್ನೆ.

ಈ ಬ್ಯಾಟರಿಯ ಒಳಗೆ ಲಿಥಿಯಂ ಇರುತ್ತದೆ. ಲೋಹಗಳಲ್ಲೆಲ್ಲ ಇದೇ ಬಹಳ ಹಗುರ. ಬ್ಯಾಟರಿಯಲ್ಲಿ ಎರಡು ಕಡೆ ಇರುತ್ತವೆ. ಹೊಳೆಯ ಈ ದಡ, ಆ ದಡ ಅಂತ ತಿಳಿಯಿರಿ. ಚಾರ್ಜಿಗೆ ಹಾಕಿದಾಗ ಲಿಥಿಯಂ ಕಣಗಳು ಈ ದಡದಿಂದ ಆ ದಡಕ್ಕೆ ಹೋಗುತ್ತವೆ. ಫೋನು ಬಳಸುವಾಗ ತಿರುಗಿ ಬರುತ್ತವೆ. ಬರುವಾಗ ನಮಗೆ ಕರೆಂಟು ಸಿಗುತ್ತದೆ. ಹೀಗೆ ಹೋಗಿ ಬಂದು ಮಾಡುವಾಗ ಕೆಲವು ಕಣಗಳು ದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ವರ್ಷ ಕಳೆದಂತೆ ಬ್ಯಾಟರಿ ಸೊರಗುತ್ತದೆ.

ಇಂಥ ಬ್ಯಾಟರಿಯನ್ನು 1991ರಲ್ಲಿ ಜಪಾನಿನ ಸೋನಿ ಕಂಪನಿ ಮೊದಲು ಮಾರುಕಟ್ಟೆಗೆ ತಂದಿತು. ಇದನ್ನು ಕಂಡುಹಿಡಿಯಲು ದುಡಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ ಅಂತ ಅವರ ಹೆಸರು. ಬಹುಮಾನ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ!

ಕೊಡ ಬೇಗ ಖಾಲಿಯಾಗೋಕೆ ಎರಡೇ ಕಾರಣ. ಒಂದು, ಕೊಡಕ್ಕೆ ತೂತು ಬಿದ್ದಿರಬೇಕು. ಇಲ್ಲಾ, ಕೊಡವೇ ಸಣ್ಣದಾಗಿರಬೇಕು. ಫೋನಿನ ಕಥೆಯೂ ಇಷ್ಟೇ. ಮೊದಲು ತೂತು ಹುಡುಕಬೇಕು. ಆಮೇಲೆ ಕೊಡದ ಮಾತು.

ಲೆಕ್ಕದ ಪುಸ್ತಕ ಫೋನಿನಲ್ಲೇ ಇದೆ

ಅಂಗಡಿಯವನು ಲೆಕ್ಕ ಬರೆದಿಡುತ್ತಾನೆ. ಯಾರು ಎಷ್ಟು ಸಾಲ ಒಯ್ದರು ಅಂತ ಅದರಲ್ಲಿ ಇರುತ್ತದೆ. ಫೋನು ಕೂಡ ಹಾಗೇ ಲೆಕ್ಕ ಬರೆಯುತ್ತದೆ. ಯಾರು ಎಷ್ಟು ಚಾರ್ಜು ತಿಂದರು ಅಂತ.

ನೋಡುವುದು ಹೇಗೆ? ಫೋನಿನಲ್ಲಿ ಹಲ್ಲಿನ ಚಕ್ರದ ಚಿತ್ರ ಇರುತ್ತದೆ. ಅದೇ ಸೆಟ್ಟಿಂಗ್ಸ್. ಅದನ್ನು ಒತ್ತಿ. ಕೆಳಗೆ ಹೋಗಿ. ಬ್ಯಾಟರಿ ಅಂತ ಬರೆದಿರುವುದನ್ನು ಓದಿ, ಒತ್ತಿ. ಅದರೊಳಗೆ ಬ್ಯಾಟರಿ ಬಳಕೆ ಅಂತ ಇರುತ್ತದೆ. ಒಂದೊಂದು ಫೋನಿನಲ್ಲಿ ಮಾತು ಸ್ವಲ್ಪ ಬೇರೆ ಇರಬಹುದು. ಹುಡುಕಿದರೆ ಸಿಗುತ್ತದೆ. ನೀವು ಈಗ ಓದಲು ಕಲಿತಿದ್ದೀರಿ. ಯಾರನ್ನೂ ಕೇಳಬೇಕಾಗಿಲ್ಲ.

ಫೋನು ಇಂಗ್ಲಿಷಿನಲ್ಲಿ ಇದೆಯಾ? ಅದನ್ನು ಕನ್ನಡಕ್ಕೆ ಬದಲಾಯಿಸಬಹುದು. ಸೆಟ್ಟಿಂಗ್ಸಿನಲ್ಲೇ ಭಾಷೆ ಆರಿಸುವ ಜಾಗ ಇದೆ. ಆಶಾ ಅಕ್ಕನ ಫೋನಿನಲ್ಲಿ ನಾವು ಮೊದಲು ಮಾಡಿದ ಕೆಲಸವೇ ಇದು. ಅಕ್ಕ ತಾವೇ ಒಂದೊಂದು ಸಾಲನ್ನು ಜೋರಾಗಿ ಓದಿದರು.

ಲೆಕ್ಕದಲ್ಲಿ ಏನಿತ್ತು ಗೊತ್ತಾ? ಎಲ್ಲಕ್ಕಿಂತ ಮೇಲೆ, ಸಣ್ಣ ಸಣ್ಣ ವಿಡಿಯೋ ತೋರಿಸುವ ಒಂದು ಆ್ಯಪ್. ಅಕ್ಕ ನಕ್ಕರು. "ಇದು ನನ್ನ ಮಗನ ಕೆಲಸ. ಶಾಲೆಯಿಂದ ಬಂದವನೇ ಫೋನು ಹಿಡೀತಾನೆ" ಅಂದರು. ಅದರ ಕೆಳಗೆ ಪರದೆ. ಅದರ ಕೆಳಗೆ ನೆಟ್‌ವರ್ಕು. ಅದರ ಕೆಳಗೆ ಟಾರ್ಚಿನ ಒಂದು ಆ್ಯಪ್. "ಟಾರ್ಚು ನಾನು ಹಾಕೇ ಇಲ್ಲವಲ್ಲ?" ಅಂತ ಅಕ್ಕನಿಗೆ ಆಶ್ಚರ್ಯ.

ಕಳ್ಳರು ಸಿಕ್ಕರು. ಇನ್ನು ಒಬ್ಬೊಬ್ಬರನ್ನೇ ಹಿಡಿಯೋಣ.

ಮೊದಲನೇ ತೂತು: ಪರದೆ

ಫೋನಿನಲ್ಲಿ ಬಹಳ ಚಾರ್ಜು ತಿನ್ನುವುದು ಪರದೆಯ ಬೆಳಕು. ಬೆಳಕು ಹೆಚ್ಚಾದಷ್ಟೂ ಖರ್ಚು ಹೆಚ್ಚು. ಬಿಸಿಲಿನಲ್ಲಿ ಕಾಣೋದಿಲ್ಲ ಅಂತ ಬೆಳಕು ಪೂರ್ತಿ ಏರಿಸ್ತೀವಿ. ಮನೆ ಒಳಗೆ ಬಂದ ಮೇಲೆ ಇಳಿಸೋಕೆ ಮರೀತೀವಿ.

ಪರದೆಯ ಮೇಲಿನಿಂದ ಕೆಳಕ್ಕೆ ಬೆರಳು ಎಳೆಯಿರಿ. ಸೂರ್ಯನ ಚಿತ್ರ ಕಾಣುತ್ತದೆ. ಅದನ್ನು ಎಡಕ್ಕೆ ಸರಿಸಿದರೆ ಬೆಳಕು ಕಡಿಮೆಯಾಗುತ್ತದೆ. ತಾನಾಗಿಯೇ ಬೆಳಕು ಹೊಂದಿಸಿಕೊಳ್ಳುವ ಏರ್ಪಾಡೂ ಹಲವು ಫೋನುಗಳಲ್ಲಿ ಇದೆ. ಅದನ್ನು ಆನ್ ಮಾಡಿಟ್ಟರೆ ಒಳ್ಳೆಯದು.

ಇನ್ನೊಂದು ವಿಷಯ. ಫೋನು ಕೆಳಗಿಟ್ಟ ಮೇಲೆ ಪರದೆ ಎಷ್ಟು ಹೊತ್ತಿಗೆ ಆರುತ್ತದೆ? ಆಶಾ ಅಕ್ಕನ ಫೋನಿನಲ್ಲಿ ಹತ್ತು ನಿಮಿಷ ಅಂತ ಇತ್ತು! ಮಗ ಹಾಗೆ ಮಾಡಿಟ್ಟಿದ್ದ. ಅಂದರೆ ಸಮಯ ನೋಡೋಕೆ ಒಮ್ಮೆ ಒತ್ತಿದರೂ ಹತ್ತು ನಿಮಿಷ ದೀಪ ಉರಿದ ಹಾಗೆ. ಯಾರೂ ಇಲ್ಲದ ಕೋಣೆಯಲ್ಲಿ ನಾವು ದೀಪ ಉರಿಸ್ತೀವಾ? ಇಲ್ಲ. ಅದನ್ನು 30 ಸೆಕೆಂಡಿಗೆ ಇಳಿಸಿದೆವು.

ಕೆಲವು ಫೋನಿನಲ್ಲಿ ಕಪ್ಪು ಬಣ್ಣದ ಪರದೆ ಇಟ್ಟುಕೊಂಡರೂ ಉಳಿತಾಯ ಆಗುತ್ತದೆ. ಅಮೋಲೆಡ್ ಅನ್ನುವ ಪರದೆ ಇದ್ದರೆ ಮಾತ್ರ. ಅಂಥ ಪರದೆಯಲ್ಲಿ ಕಪ್ಪು ಇರುವ ಜಾಗ ಉರಿಯೋದೇ ಇಲ್ಲ. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಅಲ್ಲಿ ಕಪ್ಪು ಮಾಡಿದರೂ ಹೆಚ್ಚು ಲಾಭ ಇಲ್ಲ.

ಎರಡನೇ ತೂತು: ಸಿಗ್ನಲ್ಲು

ಇದು ನಮ್ಮಂಥ ಊರಿನವರು ಚೆನ್ನಾಗಿ ತಿಳಿಯಬೇಕಾದ್ದು.

ಹತ್ತಿರ ಇರುವವರ ಜೊತೆ ನಾವು ಮೆಲ್ಲಗೆ ಮಾತಾಡ್ತೀವಿ. ಗದ್ದೆಯ ಆ ತುದಿಯಲ್ಲಿ ಇರುವವರನ್ನು ಕೂಗಿ ಕರೀಬೇಕು. ಕೂಗಿದರೆ ಗಂಟಲು ಒಣಗುತ್ತದೆ. ಫೋನೂ ಹೀಗೇ. ಟವರು ಹತ್ತಿರ ಇದ್ದರೆ ಮೆಲ್ಲಗೆ ಮಾತಾಡುತ್ತದೆ. ಟವರು ದೂರ ಇದ್ದರೆ ಕೂಗುತ್ತದೆ. ಕೂಗೋಕೆ ಹೆಚ್ಚು ಚಾರ್ಜು ಬೇಕು. ಸಿಗ್ನಲ್ಲು ಪೂರ್ತಿ ಹೋದರೆ ಟವರನ್ನು ಹುಡುಕುತ್ತಲೇ ಇರುತ್ತದೆ. ಆಗ ನಾವು ಫೋನು ಮುಟ್ಟದಿದ್ದರೂ ಚಾರ್ಜು ಕರಗುತ್ತದೆ.

"ನಿಮ್ಮ ಫೋನನ್ನು ಮನೆಯಲ್ಲಿ ಎಲ್ಲಿ ಇಡ್ತೀರಿ ಅಕ್ಕಾ?" ಅಂತ ಕೇಳಿದೆವು.

"ಮಳೆ ನೀರು ಸೋರುತ್ತೆ. ಮಕ್ಕಳು ಎಳೀತಾರೆ. ಅದಕ್ಕೇ ಅಡಿಗೆ ಮನೆಯಲ್ಲಿ ಸ್ಟೀಲ್ ಡಬ್ಬಿ ಒಳಗೆ ಇಡ್ತೀನಿ" ಅಂದರು.

ಅಲ್ಲೇ ಇತ್ತು ನೋಡಿ ಕಾರಣ! ಸ್ಟೀಲ್ ಡಬ್ಬಿ, ಕಬ್ಬಿಣದ ಬೀರು, ಇವು ಸಿಗ್ನಲ್ಲನ್ನು ತಡೆಯುತ್ತವೆ. ಡಬ್ಬಿ ಒಳಗಿನ ಫೋನು ದಿನವೆಲ್ಲ ಕೂಗಿ ಕೂಗಿ ಸುಸ್ತಾಗುತ್ತಿತ್ತು. ಕಿಟಕಿ ಪಕ್ಕದ ಗೂಡಿನಲ್ಲಿ ಸಿಗ್ನಲ್ಲು ಚೆನ್ನಾಗಿತ್ತು. ಒಂದು ಬಟ್ಟೆಯ ಚೀಲ ಹೊಲಿದು, ಅದರಲ್ಲಿ ಫೋನಿಟ್ಟು, ಮಕ್ಕಳ ಕೈಗೆ ಸಿಗದಂತೆ ಅಲ್ಲೇ ತೂಗುಹಾಕಿದೆವು.

ಇನ್ನೂ ಎರಡು ಕೆಲಸ ಮಾಡಿದೆವು. ಅಕ್ಕನ ಫೋನಿನಲ್ಲಿ ಎರಡು ಸಿಮ್ಮು ಇದ್ದವು. ಒಂದಕ್ಕೆ ರೀಚಾರ್ಜು ಮಾಡಿಸಿ ಬಹಳ ದಿನ ಆಗಿತ್ತು. ಆ ಕಂಪನಿಯ ಸಿಗ್ನಲ್ಲೂ ಊರಿನಲ್ಲಿ ಇಲ್ಲ. ಆದರೂ ಫೋನು ಅದಕ್ಕಾಗಿ ಹುಡುಕುತ್ತಿತ್ತು. ಆ ಸಿಮ್ಮನ್ನು ಸೆಟ್ಟಿಂಗ್ಸಿನಲ್ಲಿ ಆಫ್ ಮಾಡಿದೆವು.

ಆಮೇಲೆ 5ಜಿ. ನಮ್ಮ ದೇಶದಲ್ಲಿ 5ಜಿ ಬಂದದ್ದು 2022ರ ಅಕ್ಟೋಬರಿನಲ್ಲಿ. ಪೇಟೆಯಲ್ಲಿ ಚೆನ್ನಾಗಿ ಸಿಗುತ್ತದೆ. ನಮ್ಮ ಊರಿನಲ್ಲಿ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಫೋನು 5ಜಿಗೂ 4ಜಿಗೂ ನಡುವೆ ಹತ್ತಿ ಇಳಿದು ಮಾಡುತ್ತಾ ಚಾರ್ಜು ಕಳೆಯುತ್ತದೆ. ಇಂಥ ಕಡೆ 4ಜಿ ಅಂತಲೇ ಆರಿಸಿಟ್ಟರೆ ಒಳ್ಳೆಯದು. ಪೇಟೆಗೆ ಹೋದಾಗ ಬೇಕಿದ್ದರೆ ಬದಲಾಯಿಸಬಹುದು.

ಮೂರನೇ ತೂತು: ಬೆನ್ನ ಹಿಂದೆ ದುಡಿಯುವ ಆ್ಯಪುಗಳು

ನಾವು ಮುಚ್ಚಿದ್ದೀವಿ ಅಂದುಕೊಂಡರೂ ಕೆಲವು ಆ್ಯಪುಗಳು ಒಳಗೆ ಕೆಲಸ ಮಾಡುತ್ತಲೇ ಇರುತ್ತವೆ. ನಾವು ಎಲ್ಲಿದ್ದೀವಿ ಅಂತ ನೋಡುತ್ತವೆ. ಹೊಸ ವಿಡಿಯೋ ಇಳಿಸಿಕೊಳ್ಳುತ್ತವೆ. ಜಾಹೀರಾತು ತರುತ್ತವೆ.

ವಾಟ್ಸಾಪನ್ನೇ ನೋಡಿ. ಒಂದೊಂದು ಗುಂಪಿನಲ್ಲಿ ದಿನಕ್ಕೆ ಎಷ್ಟು ಫೋಟೋ, ಎಷ್ಟು ವಿಡಿಯೋ! ಎಲ್ಲವೂ ತಾವಾಗಿಯೇ ಇಳಿಯುತ್ತವೆ. ಚಾರ್ಜೂ ಹೋಯ್ತು, ಡೇಟಾನೂ ಹೋಯ್ತು, ಜಾಗಾನೂ ತುಂಬಿತು. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಇದನ್ನು ನಿಲ್ಲಿಸಬಹುದು. ಆಗ ನಾವು ಒತ್ತಿದ ವಿಡಿಯೋ ಮಾತ್ರ ಇಳಿಯುತ್ತದೆ.

ಲೊಕೇಷನ್ ಅನ್ನುವುದು ದಾರಿ ತೋರಿಸೋಕೆ ಬೇಕು. ದಾರಿ ನೋಡುವಾಗ ಆನ್ ಮಾಡಿ. ಆದ ಮೇಲೆ ಆಫ್ ಮಾಡಿ. ಬ್ಲೂಟೂತ್, ಹಾಟ್‌ಸ್ಪಾಟ್, ಇವನ್ನೂ ಹಾಗೇ ಮಾಡಿ. ಹಾಟ್‌ಸ್ಪಾಟ್ ಅಂತೂ ಬಹಳ ಚಾರ್ಜು ಎಳೆಯುತ್ತದೆ. ಪಕ್ಕದ ಮನೆಯವರಿಗೆ ನೆಟ್ಟು ಕೊಟ್ಟು ಮರೆತುಬಿಟ್ಟರೆ ನಮ್ಮ ಕೊಡವೇ ಖಾಲಿ.

ಲೆಕ್ಕದ ಪುಸ್ತಕದಲ್ಲಿ ಯಾವ ಆ್ಯಪು ಹೆಚ್ಚು ತಿಂದಿದೆಯೋ ಅದರ ಹೆಸರು ಒತ್ತಿ. ಅದು ಹಿಂದೆ ಕೆಲಸ ಮಾಡದಂತೆ ತಡೆಯುವ ದಾರಿ ಅಲ್ಲೇ ಇರುತ್ತದೆ. ಬೇಡವಾದ ಆ್ಯಪನ್ನು ತೆಗೆದೇ ಹಾಕಿ.

ನಾಲ್ಕನೇ ತೂತು: ಗುರುತಿಲ್ಲದ ಅತಿಥಿ

ಟಾರ್ಚಿನ ಆ್ಯಪು ನೆನಪಿದೆಯಾ? ಫೋನಿನಲ್ಲಿ ಟಾರ್ಚು ಮೊದಲೇ ಇರುತ್ತದೆ. ಅದಕ್ಕೆ ಬೇರೆ ಆ್ಯಪು ಯಾಕೆ? ಯಾರೋ ಹಾಕಿಕೊಟ್ಟಿದ್ದರು. ಅದು ಬೆಳಕಿಗಿಂತ ಜಾಹೀರಾತನ್ನೇ ಹೆಚ್ಚು ತರುತ್ತಿತ್ತು. ತೆಗೆದು ಹಾಕಿದೆವು. ಬ್ಯಾಟರಿ ಉಳಿಸ್ತೀವಿ ಅಂತ ಹೇಳುವ ಆ್ಯಪುಗಳೂ ಇವೆ. ಅವೂ ಬೇಡ. ಉಳಿಸುವ ಏರ್ಪಾಡು ಫೋನಿನಲ್ಲೇ ಇದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವಾಟ್ಸಾಪಿಗೆ ಒಂದು ಫೈಲು ಬರುತ್ತದೆ. ಮದುವೆ ಕರೆಯೋಲೆ ಅಂತ ಹೇಳುತ್ತದೆ. ಇಲ್ಲಾ, ಗಾಡಿಗೆ ದಂಡ ಬಿದ್ದಿದೆ ಅಂತ ಹೇಳುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಒತ್ತಿದರೆ ಕಳ್ಳ ಆ್ಯಪು ಒಳಗೆ ಬಂದು ಕೂರುತ್ತದೆ. ನಿಮಗೆ ಬರುವ ಒಟಿಪಿ ಓದುತ್ತದೆ. ಬ್ಯಾಂಕಿನ ದುಡ್ಡು ಎತ್ತುತ್ತದೆ.

ಇಂಥದು ಬಂದಿದ್ದರೆ ತಿಳಿಯುವುದು ಹೇಗೆ? ಫೋನು ಸುಮ್ಮನೆ ಇಟ್ಟಿದ್ದರೂ ಬಿಸಿಯಾಗುತ್ತದೆ. ಚಾರ್ಜು ಇದ್ದಕ್ಕಿದ್ದಂತೆ ಬೇಗ ಇಳಿಯುತ್ತದೆ. ಡೇಟಾ ಬೇಗ ಮುಗಿಯುತ್ತದೆ. ನೀವು ಹಾಕದ ಆ್ಯಪು ಕಾಣುತ್ತದೆ. ಹೀಗಾದರೆ ಪ್ರತಿ ಸಲವೂ ಕಳ್ಳ ಆ್ಯಪೇ ಅಂತಲ್ಲ. ಆದರೆ ಅನುಮಾನ ಪಡಬೇಕು. ಡೇಟಾ ಆಫ್ ಮಾಡಿ. ಗೊತ್ತಿಲ್ಲದ ಆ್ಯಪನ್ನು ತೆಗೆಯಿರಿ. ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ದೂರು ಹೇಳುವ ಸರ್ಕಾರಿ ನಂಬರು. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಹೆಚ್ಚು.

ಕರೆಯೋಲೆ ಫೋಟೋ ಆಗಿ ಬರುತ್ತದೆ. ಆ್ಯಪು ಆಗಿ ಬರೋದಿಲ್ಲ. ಇದನ್ನು ಮರೀಬೇಡಿ.

ಕೊಡವೇ ಸಣ್ಣದಾದರೆ?

ತೂತು ಎಲ್ಲ ಮುಚ್ಚಿದರೂ ಚಾರ್ಜು ನಿಲ್ಲದಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ ಅಂತ ಅರ್ಥ. ಐನೂರು, ಎಂಟುನೂರು ಸಲ ಪೂರ್ತಿ ತುಂಬಿ ಖಾಲಿ ಮಾಡಿದ ಮೇಲೆ ಅನೇಕ ಬ್ಯಾಟರಿಗಳ ಶಕ್ತಿ ನೂರಕ್ಕೆ ಎಂಬತ್ತರಷ್ಟಾಗುತ್ತದೆ. ದಿನಾ ಒಂದು ಸಲ ಅಂದರೆ ಸುಮಾರು ಎರಡು ವರ್ಷದ ಮಾತು. ಆಮೇಲೆ ಇನ್ನೂ ಇಳಿಯುತ್ತದೆ. 20 ಇರುವಾಗಲೇ ಫೋನು ತಟ್ಟನೆ ಆರಿದರೆ ಇದೇ ಗುರುತು.

ಆಗ ಫೋನು ಬದಲಾಯಿಸಬೇಕಾಗಿಲ್ಲ. ಬ್ಯಾಟರಿ ಮಾತ್ರ ಬದಲಾಯಿಸಬಹುದು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ರೇಟು ಕೇಳಿ. ಹೊಸ ಫೋನಿಗಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ. ಹೆಸರಿಲ್ಲದ ಅಗ್ಗದ ಬ್ಯಾಟರಿ ಹಾಕಿಸಬೇಡಿ. ರಸೀತಿ ತಗೊಳ್ಳಿ.

ಬ್ಯಾಟರಿಯ ವಯಸ್ಸು ಹೆಚ್ಚಿಸೋದು ನಮ್ಮ ಕೈಯಲ್ಲೇ ಇದೆ.

ಬಿಸಿ ಬ್ಯಾಟರಿಯ ಶತ್ರು. ಬಿಸಿಲಿನಲ್ಲಿ, ಗಾಡಿಯ ಮುಂದಿನ ಗಾಜಿನ ಕೆಳಗೆ, ಒಲೆಯ ಹತ್ತಿರ ಫೋನು ಇಡಬೇಡಿ. ಬ್ಯಾಟರಿಗೆ 35 ಡಿಗ್ರಿಗಿಂತ ಕಡಿಮೆ ಸೆಕೆ ಒಳ್ಳೆಯದು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ದಾಟುತ್ತದೆ. ಅಲ್ಲಿ ತಗಡಿನ ಮಾಡಿನ ಕೆಳಗೆ ಫೋನು ಚಾರ್ಜಿಗೆ ಹಾಕಿದರೆ ಬ್ಯಾಟರಿ ಬೇಗ ಸೊರಗುತ್ತದೆ. ತಂಪಾದ ಹೊತ್ತಿನಲ್ಲಿ ಹಾಕಿ.

ಪೂರ್ತಿ ಖಾಲಿ ಮಾಡಬೇಡಿ. 20ಕ್ಕೆ ಇಳಿದಾಗ ಚಾರ್ಜಿಗೆ ಹಾಕಿ. ದಿನಾ ನೂರೇ ಆಗಬೇಕು ಅಂತಿಲ್ಲ. 80 ಆದರೂ ಸಾಕು. ಆದರೆ ಮಳೆ ಗಾಳಿ ಇದೆ, ಕರೆಂಟು ಹೋಗಬಹುದು ಅನ್ನಿಸಿದರೆ ನೂರು ತುಂಬಿಸಿ. ಬ್ಯಾಟರಿಗಿಂತ ಜೀವ ದೊಡ್ಡದು.

ಜನ ಹೀಗೆ ಹೇಳ್ತಾರೆ, ನಿಜ ಏನು?

"ಹೊಸ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ತುಂಬಬೇಕು." ಇದು ಹಳೇ ಕಾಲದ ಬೇರೆ ಬಗೆಯ ಬ್ಯಾಟರಿಯ ಮಾತು. ಲಿಥಿಯಂ ಬ್ಯಾಟರಿಗೆ ಇದು ಸಲ್ಲದು.

"ಆ್ಯಪುಗಳನ್ನು ಆಗಾಗ ಸರಿಸಿ ಮುಚ್ಚುತ್ತಾ ಇರಬೇಕು." ಬೇಕಾಗಿಲ್ಲ. ಮುಚ್ಚಿದ ಆ್ಯಪನ್ನು ಮತ್ತೆ ತೆರೆಯೋಕೆ ಇನ್ನೂ ಹೆಚ್ಚು ಚಾರ್ಜು ಹೋಗುತ್ತದೆ. ಕೆಟ್ಟ ಆ್ಯಪು ಇದ್ದರೆ ತೆಗೆದೇ ಹಾಕಿ.

"ರಾತ್ರಿಯೆಲ್ಲ ಚಾರ್ಜಿಗಿಟ್ಟರೆ ಬ್ಯಾಟರಿ ಸಿಡಿಯುತ್ತೆ." ಒಳ್ಳೆಯ ಫೋನು ತುಂಬಿದ ಮೇಲೆ ತಾನೇ ನಿಲ್ಲಿಸುತ್ತದೆ. ಆದರೆ ದಿಂಬಿನ ಕೆಳಗೆ, ಕಂಬಳಿ ಒಳಗೆ ಇಟ್ಟು ಚಾರ್ಜು ಮಾಡಲೇಬಾರದು. ಬಿಸಿ ಹೊರಗೆ ಹೋಗೋಕೆ ಜಾಗ ಇರೋದಿಲ್ಲ. ಬೆಂಕಿ ಹೊತ್ತಬಹುದು.

ಚಾರ್ಜರು ಕೊಳ್ಳುವಾಗ

ಸಂತೆಯಲ್ಲಿ ಅಗ್ಗದ ಚಾರ್ಜರು ರಾಶಿ ಬಿದ್ದಿರುತ್ತವೆ. ಅವು ಫೋನನ್ನು ಕೆಡಿಸಬಹುದು. ಶಾಕ್ ಹೊಡೆಯಬಹುದು. ಕೊಳ್ಳುವಾಗ ಚಾರ್ಜರನ್ನು ತಿರುಗಿಸಿ ಓದಿ. ಬಿಐಎಸ್ ಗುರುತು ಇರಬೇಕು. ಇಂಗ್ಲಿಷಿನ ಆರ್ ಅಕ್ಷರದಿಂದ ಶುರುವಾಗುವ ಒಂದು ನಂಬರೂ ಇರಬೇಕು. ಇಲ್ಲದಿದ್ದರೆ ಬೇಡ ಅನ್ನಿ. ಒದ್ದೆ ಕೈಯಲ್ಲಿ ಚಾರ್ಜರು ಮುಟ್ಟಬೇಡಿ. ವಯರು ಹರಿದಿದ್ದರೆ ಟೇಪು ಸುತ್ತಿ ಬಳಸಬೇಡಿ.

ಹುಷಾರು! ಉಬ್ಬಿದ ಬ್ಯಾಟರಿ

ಫೋನಿನ ಹಿಂದಿನ ಮುಚ್ಚಳ ಎದ್ದಿದೆಯಾ? ಪರದೆ ಒಂದು ಕಡೆ ಮೇಲೆ ಬಂದಿದೆಯಾ? ಹಾಗಾದರೆ ಬ್ಯಾಟರಿ ಉಬ್ಬಿದೆ. ಒಳಗೆ ಗಾಳಿ ತುಂಬಿದೆ. ಒತ್ತಬೇಡಿ. ಚುಚ್ಚಬೇಡಿ. ಚಾರ್ಜಿಗೆ ಹಾಕಬೇಡಿ. ಆಫ್ ಮಾಡಿ, ಸುಡುವ ವಸ್ತುಗಳಿಂದ ದೂರ ಇಡಿ. ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಹಳೇ ಬ್ಯಾಟರಿಯನ್ನು ತಿಪ್ಪೆಗೆ, ಕೆರೆಗೆ, ಒಲೆಗೆ ಹಾಕಬಾರದು. ಮಣ್ಣೂ ನೀರೂ ಕೆಡುತ್ತವೆ. ಬ್ಯಾಟರಿ ಕಸದ ಬಗ್ಗೆ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಅದರಂತೆ ಹಳೇ ಬ್ಯಾಟರಿಯನ್ನು ತಿರುಗಿ ಪಡೆಯುವ ಹೊಣೆ ತಯಾರಿಸಿದ ಕಂಪನಿಗಳದ್ದು. ಅಂಗಡಿಗೆ, ಸರ್ವಿಸ್ ಸೆಂಟರಿಗೆ ಕೊಡಿ.

ಕರೆಂಟು ಹೋದ ರಾತ್ರಿ ಏನು ಮಾಡಬೇಕು?

ಕರೆಂಟು ಹೋದ ಕೂಡಲೇ ಚಾರ್ಜು ಎಷ್ಟಿದೆ ನೋಡಿ. ಬ್ಯಾಟರಿ ಸೇವರ್ ಆನ್ ಮಾಡಿ. ಡೇಟಾ ಆಫ್ ಮಾಡಿ. ಡೇಟಾ ಇಲ್ಲದಿದ್ದರೂ ಮಾಮೂಲಿ ಕರೆ ಬರುತ್ತದೆ, ಹೋಗುತ್ತದೆ. ಫೋನಿನ ಟಾರ್ಚು ಉರಿಸಬೇಡಿ. ಬೇರೆ ಟಾರ್ಚು, ದೀಪ ಬಳಸಿ. ವಿಡಿಯೋ ನೋಡಬೇಡಿ.

ಏರೋಪ್ಲೇನ್ ಮೋಡ್ ಹಾಕಿದರೆ ಬಹಳ ಉಳಿತಾಯ ಆಗುತ್ತದೆ. ಆದರೆ ಯಾರ ಕರೆಯೂ ಬರೋದಿಲ್ಲ. ಆಶಾ ಅಕ್ಕನಂಥವರು, ಮನೆಯಲ್ಲಿ ಬಸುರಿ, ಕಾಯಿಲೆಯವರು ಇರುವವರು ಅದನ್ನು ಹಾಕಬಾರದು.

ಸಾಧ್ಯವಾದರೆ ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ. 10000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 5000ದ ಫೋನನ್ನು ಒಂದು ಸಲ ತುಂಬಿ ಸ್ವಲ್ಪ ಮಿಗುತ್ತದೆ. ಎರಡು ಸಲ ತುಂಬೋದಿಲ್ಲ. ಸಾಗಿಸುವಾಗ ಸ್ವಲ್ಪ ಸೋರಿಹೋಗುತ್ತದೆ. ಒಬ್ಬರಿಗೆ ಕೊಳ್ಳೋಕೆ ಆಗದಿದ್ದರೆ ಸ್ತ್ರೀಶಕ್ತಿ ಸಂಘದವರು ಸೇರಿ ಒಂದು ಕೊಳ್ಳಬಹುದು. ನಮ್ಮ ಊರಿನ ಸಂಘದವರು ಹಾಗೇ ಮಾಡಿದರು. ಹೆರಿಗೆ ದಿನ ಹತ್ತಿರ ಇರುವ ಮನೆಗೆ ಅದನ್ನು ಕೊಟ್ಟುಬಿಡುತ್ತಾರೆ. ಹೆರಿಗೆ ಆದ ಮೇಲೆ ಅದು ಮುಂದಿನ ಮನೆಗೆ ಹೋಗುತ್ತದೆ.

ಈಗ ಹೇಗಿದೆ?

ಒಂದು ವಾರ ಬಿಟ್ಟು ಆಶಾ ಅಕ್ಕ ಮತ್ತೆ ಬಂದರು. ಫೋನು ತೋರಿಸಿದರು. ಬೆಳಿಗ್ಗೆಯಿಂದ ಮನೆ ಮನೆ ತಿರುಗಿ ಬಂದಿದ್ದರು. ಸಂಜೆ ಏಳು ಗಂಟೆ. ಚಾರ್ಜು ಇನ್ನೂ 46 ಇತ್ತು.

"ಮಗನಿಗೆ ಏನು ಹೇಳಿದ್ರಿ?" ಅಂತ ಕೇಳಿದೆವು.

"ಬೈಯಲಿಲ್ಲ. ಆ ರಾತ್ರಿ ನಡೆದದ್ದನ್ನು ಹೇಳಿದೆ. ಈಗ ಅವನೇ ಲೆಕ್ಕ ನೋಡ್ತಾನೆ. ಅಮ್ಮಾ, ಇವತ್ತು ನಾನು ತಿಂದದ್ದು ಬರೀ ಐದು ಅಂತಾನೆ" ಅಂತ ನಕ್ಕರು.

ಹನಿ ಹನಿ ಕೂಡಿದರೆ ಹಳ್ಳ ಅಂತ ಹಿರಿಯರು ಹೇಳಿದ್ದಾರೆ. ಹನಿ ಹನಿ ಸೋರಿದರೆ ಕೊಡ ಖಾಲಿ. ಎರಡೂ ನಿಜ. ನಿಮ್ಮ ಕೊಡದ ತೂತು ಎಲ್ಲಿದೆ? ಇವತ್ತೇ ಹುಡುಕಿ.

ಮಾಡಿ ನೋಡಿ

1. ನಿಮ್ಮ ಫೋನಿನ ಬ್ಯಾಟರಿ ಬಳಕೆಯ ಲೆಕ್ಕ ತೆರೆಯಿರಿ. ಹೆಚ್ಚು ತಿಂದ ಮೂರು ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ.

2. ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಚಾರ್ಜು ಎಷ್ಟಿದೆ ಅಂತ ಬರೆದಿಡಿ. ತೂತು ಮುಚ್ಚಿದ ಮೇಲೆ ಮತ್ತೆ ಮೂರು ದಿನ ಬರೆಯಿರಿ. ಎಷ್ಟು ಉಳಿಯಿತು? ಲೆಕ್ಕ ಹಾಕಿ.

3. ನಿಮ್ಮ ಮನೆಯಲ್ಲಿ ಸಿಗ್ನಲ್ಲು ಚೆನ್ನಾಗಿರುವ ಜಾಗ ಯಾವುದು? ಹುಡುಕಿ, ಮನೆಯವರಿಗೆಲ್ಲ ಹೇಳಿ.

4. 108, 112, 1930. ಇವು ಯಾವ ಯಾವ ನಂಬರು? ಆಂಬುಲೆನ್ಸು, ತುರ್ತು ಸಹಾಯ, ಸೈಬರ್ ದೂರು. ಇವನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ಕೂಡಿ ಮಾತಾಡಿ

ನಿಮ್ಮ ಊರಿನಲ್ಲಿ ಕರೆಂಟು ಹೋದ ರಾತ್ರಿ ಯಾರ ಮನೆಯ ಫೋನಿನಲ್ಲಿ ಚಾರ್ಜು ಇರುತ್ತದೆ? ಎಲ್ಲರಿಗೂ ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ ಈ ವಾರ ಸಂಘದ ಸಭೆಯಲ್ಲಿ ಈ ಮಾತು ಎತ್ತಿ.